ಹದಿನೇಳನೇ ನಂಬರಿನ ಡಬ್ಬಿ

ಮುನೀಂದ್ರ ಮೇಷ್ಟ್ರು ಬದುಕಿನಲ್ಲಿ ಹೇಳಿದ ಸುಳ್ಳುಗಳೆಲ್ಲ ನಿದ್ದೆಗಣ್ಣಿನಲ್ಲಿ ಹೇಳಿದವು. ಪೂರ್ತಿ ಎಚ್ಚರವಿದ್ದು ಸುಳ್ಳು ಹೇಳಬೇಕೆಂದರೆ ಅದಕ್ಕೂ ಒಂದಿಷ್ಟು ಚೈತನ್ಯ ಬೇಕಲ್ಲ, ಅದು ಅವರಲ್ಲಿ ಉಳಿದಿರಲಿಲ್ಲ.

ಉಳಿಯುವುದಾದರೂ ಹೇಗೆ? ಮನೆ ಕೆಜಿಎಫ್‌ನಲ್ಲಿ, ಮಾರಿಕುಪ್ಪಂ ಸ್ಟೇಷನ್ನಿನ ಹಿಂದುಗಡೆ. ಕೆಲಸ ಬೂದಿಕೋಟೆಯಿಂದಲೂ ನಾಲ್ಕು ಕಿಲೋಮೀಟರ್ ಒಳಗೆ, ಕೊಂಡಗಾನಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಬೆಳಗ್ಗೆ ರೈಲಿನಲ್ಲಿ ಬಂಗಾರಪೇಟೆ, ಅಲ್ಲಿಂದ ಬಸ್ಸಿನಲ್ಲಿ ಬೂದಿಕೋಟೆ, ಆಮೇಲೆ ಹಾಲಿನ ಟೆಂಪೋ ಸಿಕ್ಕರೆ ಟೆಂಪೋ, ಇಲ್ಲದಿದ್ದರೆ ಕಾಲುನಡಿಗೆ. ಸಂಜೆ ಇದೇ ದಾರಿ ಹಿಂದಕ್ಕೆ. ಹನ್ನೊಂದು ವರ್ಷದಿಂದ ಇದೇ ಕಥೆ. ರೈಲಿನಲ್ಲಿ ಕೂತ ತಕ್ಷಣ ನಿದ್ದೆ, ಬಂಗಾರಪೇಟೆ ಬಂದ ತಕ್ಷಣ ಎಚ್ಚರ. ಈ ಕಲೆಯಲ್ಲಿ ಅವರನ್ನು ಮೀರಿಸುವವರು ಆ ಲೈನಿನಲ್ಲೇ ಇರಲಿಲ್ಲ. ಕಷ್ಟವೆಂದರೆ ಬಸ್ಸಿನಲ್ಲಿ, ಸಭೆಯಲ್ಲಿ, ಒಮ್ಮೊಮ್ಮೆ ಮಕ್ಕಳಿಗೆ ಮಗ್ಗಿ ಹೇಳಿಸುವಾಗಲೂ ಆ ಕಲೆ ತಾನಾಗಿಯೇ ಪ್ರಕಟವಾಗುತ್ತಿತ್ತು.

ಈ ವರ್ಷ ಅವರಿಗೊಂದು ಆಸೆ ಹುಟ್ಟಿತ್ತು. ಕೆಜಿಎಫ್‌ನಲ್ಲಿ ಅವರ ಮನೆಯಿಂದ ಐದು ನಿಮಿಷದ ದೂರದಲ್ಲಿ ಒಂದು ಶಾಲೆಯಿದೆ. ಅಲ್ಲಿ ಗಂಟೆ ಹೊಡೆದರೆ ಇವರ ಅಡುಗೆಮನೆಗೆ ಕೇಳಿಸುತ್ತದೆ. ಅಲ್ಲೊಂದು ಜಾಗ ಖಾಲಿಯಾಗಿತ್ತು. ಜನವರಿಯಲ್ಲಿ ವರ್ಗಾವಣೆಯ ಕೌನ್ಸೆಲಿಂಗ್. ಸರದಿಯಲ್ಲಿ ಮೊದಲ ಹೆಸರೇ ಮುನೀಂದ್ರ ಮೇಷ್ಟ್ರದು. ಷರತ್ತು ಒಂದೇ, ಹೆಸರಿನ ಮೇಲೆ ಯಾವ ದೂರೂ ಯಾವ ವಿಚಾರಣೆಯೂ ಬಾಕಿ ಇರಬಾರದು. ಅಷ್ಟೇ ತಾನೇ, ಎಂದುಕೊಂಡಿದ್ದರು ಮೇಷ್ಟ್ರು. ಏನೂ ಮಾಡದೆ ಎರಡು ತಿಂಗಳು ಕಳೆದರೆ ಆಯಿತು. ಏನೂ ಮಾಡದಿರುವುದು ಎಷ್ಟು ಕಷ್ಟದ ಕೆಲಸವೆಂದು ಅವರಿಗೆ ಆಗ ಗೊತ್ತಿರಲಿಲ್ಲ.

ನವೆಂಬರಿನ ಒಂದು ಗುರುವಾರ ಬಂಗಾರಪೇಟೆಯಲ್ಲಿ ಶಿಕ್ಷಕರ ಸಭೆ. ವಿಷಯ, ಶಾಲಾ ಗ್ರಂಥಾಲಯ ಮತ್ತು ಓದುವ ಚಟುವಟಿಕೆಗಳು. ವೇದಿಕೆಯ ಮೇಲೆ ಶಿಕ್ಷಣ ಸಂಯೋಜಕರಾದ ಬೈರಪ್ಪನವರು. ಹೊಸದಾಗಿ ಬಡ್ತಿ ಪಡೆದವರು, ಹಾಗಾಗಿ ಉತ್ಸಾಹ ಇನ್ನೂ ಆರಿರಲಿಲ್ಲ. ಮೈಕು ಹಿಡಿದು ಸಾಲುಸಾಲಾಗಿ ಕೇಳುತ್ತ ಬಂದರು.

"ಈ ತಿಂಗಳು ನಿಮ್ಮ ಶಾಲೆಯಿಂದ ಎಷ್ಟು ಪುಸ್ತಕ ಮಕ್ಕಳ ಮನೆಗೆ ಹೋಗಿವೆ?"

"ಆರು ಸಾರ್." "ಹತ್ತು ಸಾರ್." "ಮಳೆ ಸಾರ್, ಮಳೆ ನಿಂತ ಮೇಲೆ ಕೊಡ್ತೀವಿ."

ಮೈಕು ಮುನೀಂದ್ರ ಮೇಷ್ಟ್ರ ಬಳಿ ಬಂದಾಗ ಅವರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದರು. ಪಕ್ಕದವರು ತಿವಿದರು. ಸಭೆಗಳಲ್ಲಿ 'ಎಲ್ಲಾ ಆಗಿದೆ' ಎಂದರೆ ಮುಂದಿನ ಪ್ರಶ್ನೆ ಬರುವುದಿಲ್ಲ ಎಂಬುದು ಅವರ ಹನ್ನೊಂದು ವರ್ಷದ ಅನುಭವ. ಅದೇ ಬಾಯಿಗೆ ಬಂತು.

"ಎಲ್ಲಾ ಸಾರ್. ಬೀರು ಖಾಲಿ."

ಸಭೆಯೆಲ್ಲ ಅವರ ಕಡೆ ತಿರುಗಿತು. ಬೈರಪ್ಪನವರ ಕಣ್ಣಲ್ಲಿ ನೀರೇ ಬಂತೋ ಏನೋ, ಕನ್ನಡಕ ತೆಗೆದು ಒರೆಸಿಕೊಂಡರು. "ಕೈ ತಟ್ಟಿ! ಎಲ್ಲರೂ ಕೈ ತಟ್ಟಿ! ಬೀರುವಿನ ತುಂಬ ಪುಸ್ತಕ ಇಟ್ಟುಕೊಂಡವರನ್ನ ಇಷ್ಟು ವರ್ಷ ನೋಡಿದ್ದೀನಿ. ಖಾಲಿ ಬೀರು ನೋಡಿಲ್ಲ. ಮೇಷ್ಟ್ರೇ, ಶನಿವಾರ ಬರ್ತೀನಿ. ಆ ಖಾಲಿ ಬೀರುವನ್ನ ಕಣ್ಣಾರೆ ನೋಡ್ಬೇಕು."

ಚಪ್ಪಾಳೆಯ ಸದ್ದಿಗೆ ಮುನೀಂದ್ರ ಮೇಷ್ಟ್ರಿಗೆ ಪೂರ್ತಿ ಎಚ್ಚರವಾಯಿತು. ಆದರೆ ಎಚ್ಚರವಾಗಿ ಪ್ರಯೋಜನವಿರಲಿಲ್ಲ.

ನಿಜ ಸಂಗತಿ ಹೀಗಿತ್ತು. ಕೊಂಡಗಾನಹಳ್ಳಿ ಶಾಲೆಯ ಪುಸ್ತಕದ ಬೀರುವಿಗೆ ಬೀಗ ಬಿದ್ದು ಆರು ವರ್ಷವಾಗಿತ್ತು. ಅದರ ಮುಂದೆ ಬಿಸಿಯೂಟದ ಅಕ್ಕಿ ಮೂಟೆಗಳು. ಪುಸ್ತಕ ಕಳೆದರೆ ಉತ್ತರ ಹೇಳಬೇಕಾದವರು ಮೇಷ್ಟ್ರು. ಕೊಡದಿದ್ದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಪುಸ್ತಕಗಳು ಪರಮ ಸುರಕ್ಷಿತವಾಗಿದ್ದವು.

ಶುಕ್ರವಾರ ಮೂಟೆ ಸರಿಸಿ ಬೀಗ ತೆಗೆದರು. ಮುಖ್ಯೋಪಾಧ್ಯಾಯಿನಿ ಅರುಣಕುಮಾರಿ ಮೂಗಿಗೆ ಸೆರಗು ಹಿಡಿದು ದೂರ ನಿಂತರು. ಹಿಂಬದಿಯ ತಗಡು ತುಕ್ಕು ಹಿಡಿದು ತೂತಾಗಿತ್ತು. ನೂರ ಅರವತ್ತು ಚಿಲ್ಲರೆ ಪುಸ್ತಕಗಳಲ್ಲಿ ಹತ್ತು ಹನ್ನೆರಡಕ್ಕೆ ಕೊನೆಯ ಹಾಳೆಗಳೇ ಇರಲಿಲ್ಲ. ಇಲಿಗಳೂ ಓದುಗರೇ; ಆದರೆ ಅವು ಪುಸ್ತಕವನ್ನು ಕೊನೆಯಿಂದ ಶುರುಮಾಡುತ್ತವೆ.

"ಇದನ್ನೂ ಕೊಡ್ತೀರಾ ಸಾರ್?" ಎಂದರು ಅರುಣಕುಮಾರಿ. ಅವರ ಕೈಯಲ್ಲಿ 'ರೈಲು ಹತ್ತಿದ ಎಮ್ಮೆ' ಎಂಬ ಚಿತ್ರದ ಪುಸ್ತಕವಿತ್ತು. ಹಿಂದಿನ ರಟ್ಟೂ ಇಲ್ಲ, ಕೊನೆಯ ಎರಡು ಹಾಳೆಯೂ ಇಲ್ಲ.

"ಬೀರು ಖಾಲಿಯಾಗ್ಬೇಕು ಮೇಡಂ. ಎಮ್ಮೆ ಪೂರ್ತಿ ಇದೆಯಾ ಅರ್ಧ ಇದೆಯಾ ಅಂತ ಯಾರೂ ನೋಡಲ್ಲ."

ಇಲ್ಲಿ ಅವರು ತಪ್ಪು ಮಾಡಿದರು. ಆದರೆ ಇದು ಎರಡನೇ ತಪ್ಪು. ಮೊದಲನೆಯದು ಅಷ್ಟರಲ್ಲಾಗಲೇ ಅಡುಗೆ ಕೋಣೆಯ ಬಾಗಿಲಲ್ಲಿ ನಡೆದುಹೋಗಿತ್ತು.

ಹೊರಗೆ ಕಾರ್ತೀಕದ ಜಡಿಮಳೆ. ಮಕ್ಕಳ ಚೀಲಗಳೆಲ್ಲ ತೊಪ್ಪೆ. ಪುಸ್ತಕ ಒದ್ದೆಯಾಗದಂತೆ ಮನೆಗೆ ಕಳಿಸುವುದು ಹೇಗೆ ಎಂದು ಮೇಷ್ಟ್ರು ತಲೆ ಕೆರೆದುಕೊಳ್ಳುತ್ತಿದ್ದಾಗ, ಬಿಸಿಯೂಟ ಬೇಯಿಸುವ ಮುನಿಗಂಗಮ್ಮ ಸೌಟು ಹಿಡಿದುಕೊಂಡೇ ಬಂದು ಸಲಹೆ ಕೊಟ್ಟಿದ್ದಳು. "ಯಾರೋ ಪುಣ್ಯಾತ್ಮರು ಕೊಟ್ಟಿದ್ ಸ್ಟೀಲ್ ಡಬ್ಬಿ ಅಂಗೇ ಬಿದ್ದವಲ್ಲ ಸಾರ್, ಅಗಲವಾದ್ವು, ಮುಚ್ಚಳ ಇರೋವು. ಅದ್ರಾಗಾಕಿ ಕಳ್ಸಿ. ಒಂದನಿ ನೀರೋಗಲ್ಲ."

ನಲವತ್ತೊಂದು ಮಕ್ಕಳು, ನಲವತ್ತೈದು ಡಬ್ಬಿಗಳು. ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ನಂಬರು. ಒಂದೊಂದರಲ್ಲಿ ನಾಲ್ಕು ನಾಲ್ಕು ಪುಸ್ತಕ ಹಾಕಿ, ಸೋಮವಾರ ವಾಪಸ್ ತರಬೇಕೆಂದು ಹೇಳಿ ಹಂಚಿಬಿಟ್ಟರು. ಆ ಸೀಮೆಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಪಾತ್ರೆ ಹೋದರೆ ಅದು ಬರಿದಾಗಿ ವಾಪಸು ಬರುವುದಿಲ್ಲ. ಸಾರು ಕೊಟ್ಟ ಬಟ್ಟಲಿಗೆ ಒಂದು ಹಿಡಿ ಸಕ್ಕರೆಯಾದರೂ ಬಿದ್ದೇ ಬರುತ್ತದೆ. ಇದು ಮುನಿಗಂಗಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಾಯಿಬಿಟ್ಟು ಹೇಳಬೇಕಾದ ಸಂಗತಿಯೆಂದು ಅನ್ನಿಸಿರಲಿಲ್ಲ. ಮೇಷ್ಟ್ರಿಗೂ ಗೊತ್ತಿತ್ತು, ಆದರೆ ಸರ್ಕಾರಿ ಶಾಲೆಯ ಡಬ್ಬಿಯನ್ನು ಅವರು ಪಾತ್ರೆಯೆಂದು ಎಣಿಸಿರಲಿಲ್ಲ.

ಶನಿವಾರ ಬೈರಪ್ಪನವರು ಬಂದರು. ಖಾಲಿ ಬೀರುವನ್ನು ಮೇಲಿಂದ ಕೆಳಗೆ ನೋಡಿದರು. ಒಳಗೆ ಕೈಯಾಡಿಸಿದರು. ಬೆರಳಿನಿಂದ ಬಡಿದು ಸದ್ದು ಕೇಳಿದರು. ಮೇಷ್ಟ್ರನ್ನು ಬೀರುವಿನ ಪಕ್ಕ ನಿಲ್ಲಿಸಿ ಫೋಟೊ ತೆಗೆದು, "ಇದು ತಾಲ್ಲೂಕಿಗೇ ಮಾದರಿ" ಎಂದು ಎಲ್ಲ ಗ್ರೂಪುಗಳಿಗೂ ಕಳಿಸಿ ಹೋದರು. ಮೇಷ್ಟ್ರು ಅವತ್ತು ರೈಲಿನಲ್ಲಿ ಎಷ್ಟು ನೆಮ್ಮದಿಯಾಗಿ ನಿದ್ದೆ ಮಾಡಿದರೆಂದರೆ ಮಾರಿಕುಪ್ಪಂನಲ್ಲಿ ಗಾಡಿ ತೊಳೆಯುವವರು ಬಂದು ಎಬ್ಬಿಸಬೇಕಾಯಿತು.

ಸೋಮವಾರ ಡಬ್ಬಿಗಳು ವಾಪಸು ಬಂದವು.

ಮೂರನೇ ನಂಬರಿನದರಲ್ಲಿ ಪುಸ್ತಕಗಳ ಮೇಲೆ ಸೊನೆ ಅವರೆಕಾಯಿ. ಒಂಬತ್ತರಲ್ಲಿ ಬೆಲ್ಲದ ಅಚ್ಚು. ಇಪ್ಪತ್ತೆರಡರಲ್ಲಿ ರಾಗಿ ಹಿಟ್ಟು, ಅದರೊಳಗೆ ಹೂತುಹೋದ ಪುಸ್ತಕ. ಟೊಮೇಟೊ, ಹುಣಸೆಹಣ್ಣು, ಕರಿಬೇವು, ಹಸಿಮೆಣಸಿನಕಾಯಿ. ಹದಿನೇಳನೇ ನಂಬರು ಮೂರನೇ ಕ್ಲಾಸಿನ ಸುಮಿತಾಳದು; ಅದರಲ್ಲಿ ಹುಲ್ಲಿನ ಮೇಲೆ ಜೋಡಿಸಿದ ಆರು ನಾಟಿ ಮೊಟ್ಟೆಗಳು.

"ಇದೆಲ್ಲಾ ಏನು?" ಎಂದರು ಮುನೀಂದ್ರ ಮೇಷ್ಟ್ರು.

"ನಮ್ಮಜ್ಜಿ ಕೊಟ್ಲು ಸಾರ್," ಎಂದಳು ಸುಮಿತಾ. "ಇನ್ನೇನು ಬರೀ ಡಬ್ಬಿ ತರ್ತಾರಾ?"

ಅರುಣಕುಮಾರಿ ಬೆವತುಹೋದರು. "ಸಾರ್, ಯಾರಾದ್ರೂ ನೋಡಿದ್ರೆ ನಾವು ಮಕ್ಕಳಿಂದ ವಸೂಲಿ ಮಾಡ್ತಿದ್ದೀವಿ ಅಂತಾರೆ. ಎಲ್ಲಾ ವಾಪಸ್ ಕಳಿಸಿಬಿಡಿ."

ಸರಿಯಾದ ಮಾತೇ. ಮೇಷ್ಟ್ರು ಅವತ್ತು ಸಂಜೆ ಬೇರೆ ಪುಸ್ತಕ ಹಾಕಿ, ಬಂದದ್ದನ್ನೆಲ್ಲ ಆಯಾ ಡಬ್ಬಿಯಲ್ಲೇ ತುಂಬಿ, ವಾಪಸು ಕಳಿಸಿದರು. ಒಂದು ಕಾಳೂ ಇಟ್ಟುಕೊಳ್ಳಲಿಲ್ಲ. ಇಷ್ಟು ಪ್ರಾಮಾಣಿಕವಾಗಿ ಕಷ್ಟ ತಂದುಕೊಂಡವರು ತಾಲ್ಲೂಕಿನಲ್ಲಿ ಬೇರೆ ಇರಲಾರರು. ಏಕೆಂದರೆ ಮನೆಗಳಲ್ಲಿ ಹೆಂಗಸರು ಡಬ್ಬಿ ತೆರೆದು ನೋಡಿದಾಗ ಒಳಗೆ ಅವರೆಕಾಯಿ, ಬೆಲ್ಲ, ಮೊಟ್ಟೆ! ಮೇಷ್ಟ್ರ ಮನೆಯಿಂದ ಬಂದದ್ದೆಂದು ಕೆಲವರು ಸಾರು ಮಾಡಿಕೊಂಡು ಉಂಡರು. ನಾವು ಕೊಟ್ಟದ್ದು ಕಮ್ಮಿಯಾಯಿತೇನೋ ಎಂದು ಇನ್ನು ಕೆಲವರು ಒದ್ದಾಡಿದರು. ಒಟ್ಟಿನಲ್ಲಿ ತುಂಬಿ ಬಂದ ಡಬ್ಬಿಗೆ ಅದಕ್ಕಿಂತ ಹೆಚ್ಚು ತುಂಬಿ ಕಳಿಸಬೇಕೆನ್ನುವುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ.

ಮಂಗಳವಾರ ಡಬ್ಬಿಯ ಜೊತೆ ಕೈಚೀಲಗಳೂ ಬಂದವು. ಮೇಷ್ಟ್ರು ಮತ್ತೆ ವಾಪಸು ಕಳಿಸಿದರು. ಬುಧವಾರ ಒಂದು ಕುಂಬಳಕಾಯಿ ಇಬ್ಬರು ಮಕ್ಕಳ ನಡುವೆ ತೂಗಾಡುತ್ತ ಬಂತು. ಗುರುವಾರ ಸುಮಿತಾಳ ಹದಿನೇಳನೇ ಡಬ್ಬಿಯ ಹಿಡಿಗೆ ಕಾಲು ಕಟ್ಟಿಸಿಕೊಂಡು ಒಂದು ಕಪ್ಪು ಕೋಳಿ ತಲೆಕೆಳಗಾಗಿ ಶಾಲೆ ಪ್ರವೇಶಿಸಿತು.

"ಇದ್ಯಾಕಮ್ಮಾ?" ಎಂದು ಮೇಷ್ಟ್ರು ಸಣ್ಣ ದನಿಯಲ್ಲಿ ಕೇಳಿದರು.

"ಎಮ್ಮೆ ಕತೆ ಅರ್ಧಕ್ಕೆ ನಿಂತೋಗೈತೆ ಸಾರ್. ಅಜ್ಜಿಗೆ ನಿದ್ದೇನೇ ಬರ್ತಿಲ್ಲ. ಮೊಟ್ಟೆ ಕಳಿಸಿದ್ರೂ ಅಯ್ಯವಾರು ಮಿಕ್ಕಿದ ಕತೆ ಕಳಿಸ್ಲಿಲ್ಲ, ಕೋಳೀನೇ ತಗಂಡೋಗು ಅಂದ್ಲು."

ಸುಮಿತಾಳ ಅಜ್ಜಿ ಪೆದ್ದಮ್ಮ. ಓದು ಬರಹ ಬಾರದ, ಒಂದು ಎಮ್ಮೆ ಸಾಕಿಕೊಂಡು ಡೈರಿಗೆ ಹಾಲು ಹಾಕುವ ಮುದುಕಿ. ಡೈರಿಯ ಸಾಲಿನಲ್ಲಿ ಹಾಲಿನ ಕ್ಯಾನು ಹಿಡಿದು ನಿಂತಾಗ ಮೊಮ್ಮಗಳು ಆ ಪುಸ್ತಕ ಓದಿ ಹೇಳಿದ್ದಳು. ಗೂಟಕ್ಕೆ ಕಟ್ಟಿದ ಕರುವನ್ನು ಬಿಟ್ಟು ಮೇವು ಹುಡುಕಿ ಹೊರಟ ಎಮ್ಮೆ, ಹುಲ್ಲಿನ ವಾಸನೆ ಹಿಡಿದು ರೈಲು ಹತ್ತುತ್ತದೆ; ರೈಲು ಹೊರಡುತ್ತದೆ; ಎಲ್ಲಿ ಇಳಿಯಬೇಕೆಂದು ಎಮ್ಮೆಗೆ ಗೊತ್ತಾಗುವುದಿಲ್ಲ. ಅಲ್ಲಿಗೆ ಇಲಿಯ ಪಾಲು ಶುರು. ಸಾಲಿನಲ್ಲಿ ನಿಂತ ಅಷ್ಟೂ ಜನ ಕೇಳಿಸಿಕೊಂಡು, ಎಮ್ಮೆಯ ಗತಿ ತಿಳಿಯದೆ ಬರೀ ಕ್ಯಾನು ಹಿಡಿದು ಮನೆಗೆ ಹೋಗಿದ್ದರು.

ಇಷ್ಟಾದ ಮೇಲೆ ವಾಪಸು ಕಳಿಸುವ ತ್ರಾಣ ಮೇಷ್ಟ್ರಲ್ಲಿರಲಿಲ್ಲ. ಬಂದ ತರಕಾರಿಯನ್ನು ಮುನಿಗಂಗಮ್ಮ ಬಿಸಿಯೂಟದ ಸಾರಿಗೆ ಹಾಕಿದಳು. ಕೋಳಿ ಹೇಗೋ ಗಂಟು ಬಿಚ್ಚಿಸಿಕೊಂಡು ಶಾಲೆಯಲ್ಲೇ ಬೀಡುಬಿಟ್ಟಿತು. ಮೇಷ್ಟ್ರು ಒಂದು ಸಂಜೆ ಮಾತ್ರ, ಒಣಗಿಹೋಗುತ್ತದಲ್ಲ ಎಂದು, ಎರಡು ಕಿಲೋ ಅವರೆಕಾಯಿಯನ್ನು ಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿದರು. ಅಷ್ಟೂ ಡಬ್ಬಿಗಳು ಶಾಲೆಯಿಂದಲೂ ಬರಿದಾಗಿ ಹೋಗುವಂತಿರಲಿಲ್ಲವಾದ್ದರಿಂದ ದಿನಾ ಪುಸ್ತಕ ಬದಲಾಗುತ್ತಿತ್ತು; ಸುಮಿತಾ ಮಾತ್ರ ಎಮ್ಮೆಯ ಪುಸ್ತಕವನ್ನು ಬಿಟ್ಟುಕೊಡಲಿಲ್ಲ. ಮಕ್ಕಳು ಓದತೊಡಗಿದ್ದರು. ಅದನ್ನು ಗಮನಿಸುವಷ್ಟು ಪುರಸೊತ್ತು ಮಾತ್ರ ಯಾರಿಗೂ ಇರಲಿಲ್ಲ.

ಶಾಲಾ ಸಮಿತಿಯ ಅಧ್ಯಕ್ಷ ದೊಡ್ಡವೆಂಕಟಪ್ಪ ಊರಿನ ದೊಡ್ಡ ಕುಳ. ಅವನ ಮನೆಯಿಂದ ಎರಡು ಸೇರು ಹುರುಳಿ ಬಂದಿತ್ತು. ಪ್ರತಿಯಾಗಿ ಮೊಮ್ಮಗನ ಡಬ್ಬಿಯಲ್ಲಿ ಹೋದದ್ದು ಎಂಟು ಹಾಳೆಯ ತೆಳ್ಳನೆಯ ಪುಸ್ತಕ. ಅದೇ ದಿನ ನಾಲ್ಕು ಬದನೆಕಾಯಿ ಕೊಟ್ಟ ಮುನಿನಾರಾಯಣಮ್ಮನ ಮನೆಗೆ ರಟ್ಟಿನ ಹೊದಿಕೆಯ ದಪ್ಪ ಪುಸ್ತಕ! ದೊಡ್ಡವೆಂಕಟಪ್ಪ ಎರಡು ದಿನ ತಡೆದುಕೊಂಡ. ಮೂರನೆಯ ದಿನ ಬಸ್ಸು ಹತ್ತಿ ಬಂಗಾರಪೇಟೆಯ ಶಿಕ್ಷಣ ಕಚೇರಿಗೆ ಹೋದ.

"ನಮ್ಮೂರ ಸ್ಕೂಲ್ನಾಗೆ ನ್ಯಾಯ ಇಲ್ಲ ಸ್ವಾಮಿ. ಎರಡು ಸೇರು ಹುಳ್ಳಿಗೆ ಎಂಟಾಳೆ ಪುಸ್ತಕ. ನಾಕು ಬದ್ನೆಕಾಯ್ಗೆ ಇಷ್ಟು ದಪ್ಪಂದು. ಇದ್ಯಾವ ತೂಕ ಅಂತೀನಿ?"

ಕಚೇರಿಯ ಗುಮಾಸ್ತರು ಅದನ್ನು ಬರೆದುಕೊಂಡರು. ಬರೆದದ್ದನ್ನು ಮೇಲಿನವರು ಓದಿದರು. ಸೋಮವಾರ ವಿಚಾರಣೆಗೆ ಆದೇಶವಾಯಿತು. ವಿಚಾರಣಾಧಿಕಾರಿ ಬೈರಪ್ಪನವರೇ.

ಆ ಸಂಜೆ ಮುನೀಂದ್ರ ಮೇಷ್ಟ್ರು ಮನೆಗೆ ಬಂದು ಕುರ್ಚಿಯಲ್ಲಿ ಕುಸಿದರು. ಹೆಂಡತಿ ರಾಧಾಮಣಿ ಆದೇಶದ ಪ್ರತಿ ಓದಿ ಹಣೆ ಚಚ್ಚಿಕೊಂಡಳು.

"ಎನ್ನಂಗ, ಏನ್ರೀ ಇದು! ಹನ್ನೊಂದು ವರ್ಷ ಕತ್ತೆ ದುಡಿದ ಹಾಗೆ ದುಡಿದ್ರಿ. ಹತ್ತಿರದ ಶಾಲೆ ಗಂಟೆ ಕೇಳ್ತಿದೆ, ಬಾಗಿಲಿಗೆ ಬಂದ ಭಾಗ್ಯ. ಅವರೆಕಾಯಿಗೆ ಹೋಯ್ತಾ ನಮ್ಮ ಮಾನ?"

"ಎರಡೇ ಕಿಲೋ ತಂದದ್ದು."

"ಅದರಲ್ಲಿ ಅರ್ಧ ಹುಳ ಬೇರೆ!"

ಮೇಷ್ಟ್ರಿಗೆ ನಿಜವಾಗಿ ದುಃಖವಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ಮಾರನೆಯ ದಿನ ರೈಲಿನಲ್ಲಿ ಬಂಗಾರಪೇಟೆಯವರೆಗೂ ಕಣ್ಣು ಬಿಟ್ಟುಕೊಂಡೇ ಕೂತಿದ್ದರು.

ವಿಚಾರಣೆಯ ದಿನ ಬೈರಪ್ಪನವರ ಮುಖ ನೋಡುವಂತಿರಲಿಲ್ಲ. ಮಾದರಿ ಬೀರುವಿನ ಫೋಟೊ ಎಲ್ಲ ಕಡೆ ಕಳಿಸಿದವರು ಅವರೇ. "ಮೊದಲು ಬೀರು ತೋರಿಸಿ" ಎಂದು ತಾವೇ ಹೋಗಿ ಬಾಗಿಲು ತೆಗೆದರು. ಒಳಗೆ ಎರಡನೇ ಅರೆಯಲ್ಲಿ ಕಾವು ಕೂತಿದ್ದ ಪೆದ್ದಮ್ಮನ ಕಪ್ಪು ಕೋಳಿ ಅಧಿಕಾರಿಗಳ ಎದೆಗೆ ಹಾರಿ, ಹೆಗಲ ಮೇಲಿಂದ ಹೊರಗೆ ಹೋಯಿತು. ಬೈರಪ್ಪನವರು ಶರ್ಟು ಒರೆಸಿಕೊಂಡು ಕಾಗದದಲ್ಲಿ ಬರೆದರು: 'ಗ್ರಂಥಾಲಯದಲ್ಲಿ ಕೋಳಿ ಒಂದು, ಮೊಟ್ಟೆ ಐದು.'

ಆಮೇಲೆ ಸಾಕ್ಷಿಗಳು. ಮೇಷ್ಟ್ರನ್ನು ಹೇಗಾದರೂ ಮಾಡಿ ಉಳಿಸಬೇಕೆಂದು ಊರ ಹೆಂಗಸರೆಲ್ಲ ಕೂಲಿ ಬಿಟ್ಟು ಬಂದಿದ್ದರು. ಮೊದಲು ಮುನಿನಾರಾಯಣಮ್ಮ.

"ಮೇಷ್ಟ್ರು ನಿಮ್ಮನ್ನ ಏನಾದ್ರೂ ಕೇಳಿದ್ರೇನಮ್ಮ?"

"ಕೇಳಾಕೇನೈತೆ ಸ್ವಾಮಿ? ಡಬ್ಬಿ ಬಂತು, ಕೊಟ್ವಿ."

ಬೈರಪ್ಪನವರು ಬರೆದರು: 'ಡಬ್ಬಿ ಬಂದರೆ ಕೊಡತಕ್ಕದ್ದೆಂದು ಗ್ರಾಮದಲ್ಲಿ ಎಲ್ಲರಿಗೂ ತಿಳಿದಿತ್ತು.'

"ಬ್ಯಾಡ ಬ್ಯಾಡ ಅಂತ ವಾಪಸ್ ಕಳಿಸಿದ್ರು ಪಾಪ. ನಾವೇ ಬಿಡ್ಲಿಲ್ಲ. ಇನ್ನೂ ಜಾಸ್ತಿ ಆಕಿ ಕಳಿಸಿದ್ವಿ."

'ಕೊಟ್ಟದ್ದನ್ನು ಹಿಂದಿರುಗಿಸಿದಾಗ ಹೆಚ್ಚು ಕೊಡಲಾಯಿತು.'

"ಸಾರ್, ಅದು ಹಾಗಲ್ಲ..." ಎಂದು ಮುನೀಂದ್ರ ಮೇಷ್ಟ್ರು ಎದ್ದರು.

"ಕೂತ್ಕೊಳ್ಳಿ ಮೇಷ್ಟ್ರೇ. ನೀವು ಸಾಕ್ಷಿಗಳನ್ನ ಹೆದರಿಸಿದ ಹಾಗಾಗುತ್ತೆ."

"ಇವ್ರು ಎದರ್ಸೋದಾ?" ಎಂದಳು ಮುನಿಗಂಗಮ್ಮ ಅಡುಗೆ ಕೋಣೆಯ ಬಾಗಿಲಿನಿಂದ. "ಒಂದನೇ ಕ್ಲಾಸಿನ ಐಕ್ಳೇ ಇವ್ರನ್ನ ಎದರಿಸ್ತವೆ ಸ್ವಾಮಿ."

ದೊಡ್ಡವೆಂಕಟಪ್ಪ ಟವೆಲ್ಲು ತಿರುಚುತ್ತ ಮೂಲೆಯಲ್ಲಿ ನಿಂತಿದ್ದ. ಕೆಲಸ ಇಲ್ಲಿಗೆ ಬರುತ್ತದೆಂದು ಅವನೂ ಎಣಿಸಿರಲಿಲ್ಲ. "ನಾನು ಮೇಷ್ಟ್ರ ಮ್ಯಾಲೆ ದೂರು ಕೊಟ್ಟಿಲ್ಲ ಸ್ವಾಮಿ. ಪುಸ್ತಕದ ಮ್ಯಾಲೆ ಕೊಟ್ಟಿದ್ದು. ನಮ್ಗೂ ಒಂದು ದಪ್ಪಂದು ಕೊಟ್ಟಿದ್ರೆ ಆಗೋಗ್ತಿತ್ತು." ಇದೂ ದಾಖಲಾಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಐದು ನಿಮಿಷದ ದೂರದ ಶಾಲೆ ಅವರ ಕಣ್ಣ ಮುಂದೆಯೇ ದೂರ ದೂರ ಸರಿಯತೊಡಗಿತು.

ಕೊನೆಗೆ ಪೆದ್ದಮ್ಮ ಬಂದಳು. ಅಧಿಕಾರಿಯ ಎದುರಿನ ಕುರ್ಚಿಯಲ್ಲಿ ಯಾರೂ ಹೇಳದೆ ಕೂತಳು.

"ಕೋಳಿ ಕಳಿಸಿದ್ದು ನೀವೇನಾ ಅಜ್ಜಿ?"

"ನಾನೇ ಕಣಪ್ಪ. ಮುಂದಿನ ಕತೆ ಕಳಿಸ್ಲಿ ಅಂತ ಕಳಿಸ್ದೆ."

ಬೈರಪ್ಪನವರ ಪೆನ್ನು ನಿಂತಿತು. "ಯಾವ ಕತೆ?"

"ಎಮ್ಮೇದು. ರೈಲತ್ತಿ ಓಯ್ತಲ್ಲ. ನೀನು ದೊಡ್ಡ ಆಪೀಸರು, ಓದಿರ್ತೀಯ. ನೀನಾದ್ರೂ ಏಳಪ್ಪಾ, ಎಮ್ಮೆ ಮನೆ ಸೇರ್ತಾ ಇಲ್ವಾ?"

ಬೈರಪ್ಪನವರು ಓದಿರಲಿಲ್ಲ. ಗ್ರಂಥಾಲಯದ ಬಗ್ಗೆ ಹನ್ನೆರಡು ಸಭೆ ನಡೆಸಿದ್ದರೇ ಹೊರತು ಅದರೊಳಗಿನ ಒಂದು ಪುಸ್ತಕವನ್ನೂ ಬಿಡಿಸಿ ನೋಡಿರಲಿಲ್ಲ. ಅವರು ಕೆಮ್ಮಿದರು, ಗಡಿಯಾರ ನೋಡಿಕೊಂಡರು. ಹದಿನೇಳನೇ ನಂಬರಿನ ಡಬ್ಬಿಯನ್ನೂ ಅದರೊಳಗಿನ ಎಮ್ಮೆಯ ಪುಸ್ತಕವನ್ನೂ ಸಾಕ್ಷ್ಯವೆಂದು ವಶಪಡಿಸಿಕೊಂಡು, ಬೈಕಿನ ಹಿಂದೆ ಕಟ್ಟಿಕೊಂಡು ಹೋದರು.

"ಆಪೀಸರ್ರಿಗೂ ಗೊತ್ತಿಲ್ಲ," ಎಂದಳು ಪೆದ್ದಮ್ಮ ನಿರಾಶಳಾಗಿ. "ಎಂಗೆ ಆಪೀಸರಾದ್ನೋ."

ಮೂರು ದಿನ ಸುದ್ದಿಯಿಲ್ಲ. ನಾಲ್ಕನೇ ದಿನ ಬೈರಪ್ಪನವರು ಒಬ್ಬರೇ ಬಂದರು. ಮೇಷ್ಟ್ರನ್ನು ಕೋಣೆಯೊಳಗೆ ಕರೆದು ಬಾಗಿಲು ಹಾಕಿಕೊಂಡರು. ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಅದು ಮೇಜಿನ ಮೇಲೆ ಕೂತ ಸದ್ದಿನಲ್ಲೇ ಏನೋ ಭಾರವಿತ್ತು.

"ಸಾಕ್ಷ್ಯ ವಾಪಸ್ ಮಾಡ್ತಿದ್ದೀನಿ," ಎಂದರು ಗೋಡೆಯ ಕಡೆ ನೋಡುತ್ತ.

ಮೇಷ್ಟ್ರು ಮುಚ್ಚಳ ತೆಗೆದರು. ಪುಸ್ತಕದ ಮೇಲೆ ಬಾಳೆಲೆ, ಬಾಳೆಲೆಯ ಮೇಲೆ ಘಮಘಮಿಸುವ ಕಜ್ಜಾಯ, ಎರಡು ಡಜನ್ನಿಗೆ ಕಡಿಮೆಯಿಲ್ಲ.

ಬೈರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮಮ್ಮನೂ ಇದೇ ಸೀಮೆ, ಕಾಮಸಮುದ್ರದ ಕಡೆಯವಳು. ಡಬ್ಬಿ ನೋಡಿದವಳೇ ಅಕ್ಕಿ ನೆನೆ ಹಾಕಿಬಿಟ್ಟಳು. ಇದು ಸಾಕ್ಷಿ ಅಮ್ಮ, ಏನೂ ಹಾಕೋ ಹಾಗಿಲ್ಲ ಅಂದೆ. ಸಾಕ್ಷಿ ಆದ್ರೇನ್ಲಾ, ಡಬ್ಬಿ ಅಲ್ವಾ ಅಂದ್ಲು. ಹೆಂಗೆ ವಾದ ಮಾಡ್ಲಿ ಹೇಳಿ?" ಆಮೇಲೆ ದನಿ ತಗ್ಗಿಸಿ ಕೇಳಿದರು: "ಮೇಷ್ಟ್ರೇ, ನನ್ನ ಮಗಳು ಓದಿ ಹೇಳಿದ್ದಾಳೆ. ಮನೇಲಿ ಎಲ್ಲರೂ ಕೇಳ್ತಿದ್ದಾರೆ. ಆ ಎಮ್ಮೆ ಏನಾಯ್ತು?"

"ನಾನೂ ಓದಿಲ್ಲ ಸಾರ್," ಎಂದರು ಮುನೀಂದ್ರ ಮೇಷ್ಟ್ರು. ಎಚ್ಚರವಿದ್ದು ಹೇಳಿದ್ದರಿಂದ ಅದು ನಿಜವೇ ಆಗಿತ್ತು.

ಬೈರಪ್ಪನವರ ವರದಿ ಎರಡೇ ಸಾಲಿನದು. ಪಾತ್ರೆ ಬರಿದಾಗಿ ಕಳಿಸದಿರುವುದು ಸೀಮೆಯ ವಾಡಿಕೆ, ಶಿಕ್ಷಕರ ತಪ್ಪಿಲ್ಲ, ದೂರು ಮುಕ್ತಾಯ. ಮೇಷ್ಟ್ರು ಅವತ್ತು ಡಬ್ಬಿಯ ಸಮೇತ ಕಜ್ಜಾಯ ಮನೆಗೆ ಒಯ್ದರು. ರಾಧಾಮಣಿ ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚಿದಳು.

ಜನವರಿಯಲ್ಲಿ ಕೌನ್ಸೆಲಿಂಗ್ ಆಯಿತು. ಐದು ನಿಮಿಷದ ದೂರದ ಶಾಲೆ ಸಿಕ್ಕಿತು. ಕೊಂಡಗಾನಹಳ್ಳಿ ಬಿಡುವ ದಿನ ಅರುಣಕುಮಾರಿ ಬೀರುವಿನ ಕೀಲಿ ತೆಗೆದುಕೊಂಡು, "ಬೀಗ ಹಾಕೋದೇ ಬೇಡ ಬಿಡಿ ಸಾರ್, ಕೋಳಿ ಮರಿ ಮಾಡಿದೆ" ಎಂದರು. ಸುಮಿತಾ ಏನನ್ನೋ ಕೇಳಲು ಬಂದು, ಕೇಳದೆ ಹೋದಳು.

ಹೊಸ ಶಾಲೆ ಸ್ವರ್ಗವಾಗಿತ್ತು. ಮಧ್ಯಾಹ್ನ ಮನೆಗೆ ಬಂದು ಬಿಸಿ ಅನ್ನ ಉಣ್ಣಬಹುದು. ಅಲ್ಲಿಯ ಪುಸ್ತಕದ ಬೀರುವಿಗೆ ಎರಡು ಬೀಗ. "ನಾವು ತೆಗೆಯೋದೇ ಇಲ್ಲ ಸಾರ್, ಅದಕ್ಕೇ ಒಂದೂ ಕಳೆದಿಲ್ಲ," ಎಂದು ಅಲ್ಲಿನವರು ಅಭಿಮಾನದಿಂದ ತೋರಿಸಿದರು. ಮುನೀಂದ್ರ ಮೇಷ್ಟ್ರು ಅಭ್ಯಾಸಬಲದಿಂದ ಬೆಳಗಿನ ರೈಲಿನ ಹೊತ್ತಿಗೆ ಎದ್ದು, ಕುರ್ಚಿಯಲ್ಲಿ ಕೂತು, ಸರಿಯಾಗಿ ಬಂಗಾರಪೇಟೆ ಬರುವಷ್ಟು ಹೊತ್ತು ನಿದ್ದೆ ಮಾಡಿ ಏಳುತ್ತಿದ್ದರು.

ಎರಡನೇ ವಾರ ಅಟ್ಟದ ಪಾತ್ರೆ ಇಳಿಸುವಾಗ ರಾಧಾಮಣಿಯ ಕೈಗೆ ಹದಿನೇಳನೇ ನಂಬರಿನ ಡಬ್ಬಿ ಸಿಕ್ಕಿತು. ಒಳಗೆ ಎಮ್ಮೆಯ ಪುಸ್ತಕ.

"ಅಯ್ಯಯ್ಯೋ, ಬೇರೆಯವರ ಡಬ್ಬಿ ಇಲ್ಲೇ ಇದೆಯಲ್ಲ! ನಾಳೆ ಭಾನುವಾರ. ಕೊಟ್ಟು ಬನ್ನಿ."

"ಪಾರ್ಸೆಲ್ ಮಾಡಿದ್ರಾಯ್ತು."

"ಮುರುಕು ಪುಡಿಯಾಗಲ್ವಾ?"

"ಯಾವ ಮುರುಕು?"

ರಾಧಾಮಣಿ ಗಂಡನನ್ನು ಕನಿಕರದಿಂದ ನೋಡಿದಳು. ಇಷ್ಟೆಲ್ಲ ಆದ ಮೇಲೂ ಈ ಪ್ರಶ್ನೆ ಕೇಳುವ ಮನುಷ್ಯನಿಗೆ ಏನು ಹೇಳುವುದು? ಎಣ್ಣೆ ಕಾಯಲು ಇಟ್ಟಳು.

ಭಾನುವಾರ ಮುನೀಂದ್ರ ಮೇಷ್ಟ್ರು ಮತ್ತೆ ರೈಲಿನಲ್ಲಿದ್ದರು. ತೊಡೆಯ ಮೇಲೆ ಡಬ್ಬಿ ಬಿಸಿಯಾಗಿತ್ತು, ನಿದ್ದೆ ಹತ್ತಲಿಲ್ಲ. ಬೇರೆ ದಾರಿಯಿಲ್ಲದೆ ಪುಸ್ತಕ ತೆಗೆದು ಓದಿದರು. ಎಮ್ಮೆ ರೈಲು ಹತ್ತಿತು. ಕಿಟಕಿಯಲ್ಲಿ ಮುಖವಿಟ್ಟು ನೋಡಿತು. ಎಲ್ಲಿ ಇಳಿಯಬೇಕೆಂದು ಗೊತ್ತಿಲ್ಲದೆ ದಿನಾ ಹೋಯಿತು, ದಿನಾ ಬಂತು. ಮೇಷ್ಟ್ರಿಗೆ ಆ ಎಮ್ಮೆಯ ಪರಿಚಯ ಚೆನ್ನಾಗಿಯೇ ಇತ್ತು. ಜೇಬಿನಿಂದ ಪೆನ್ನು ತೆಗೆದು, ಚೀಲದಲ್ಲಿದ್ದ ಹಳೇ ಸುತ್ತೋಲೆಯ ಬೆನ್ನಿಗೆ ಮಿಕ್ಕದ್ದನ್ನು ಬರೆದರು. ಬಂಗಾರಪೇಟೆಯಲ್ಲಿ ಎಮ್ಮೆಗೆ ಹುರುಳಿಕಾಳಿನ ವಾಸನೆ ಬಂತು, ಇಳಿಯಿತು, ಬೂದಿಕೋಟೆ ದಾರಿ ಹಿಡಿದು ನಡೆದು ಮನೆ ಸೇರಿತು. ಎರಡು ಹಾಳೆ. ಡಬ್ಬಿಗೆ ಸುತ್ತಿದ್ದ ದಾರ ಬಿಚ್ಚಿ ಪುಸ್ತಕಕ್ಕೆ ಸೇರಿಸಿ ಕಟ್ಟಿದರು.

ಕೊಂಡಗಾನಹಳ್ಳಿಯಲ್ಲಿ ಸುಮಿತಾ ಅದನ್ನು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿದಳು. ಪೆದ್ದಮ್ಮ ಕೊನೆಯವರೆಗೂ ಅಲುಗಾಡಲಿಲ್ಲ. ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಸೇರ್ತಲ್ಲ, ಸಾಕು ಕಣಪ್ಪಾ" ಎಂದಳು. ಪುಸ್ತಕವನ್ನು ಇಟ್ಟುಕೊಂಡು, ಡಬ್ಬಿ ಹಿಡಿದು ಒಳಗೆ ಹೋದಳು.

"ಡಬ್ಬಿ ಶಾಲೇದು ಅಜ್ಜಿ, ಇಲ್ಲೇ ಇರಲಿ," ಎಂದರು ಮೇಷ್ಟ್ರು ಎದ್ದು ನಿಂತು.

"ನಿನ್ ಮನೆಯಿಂದ ಬಂದಿದ್ದಲ್ವಾ? ನಿನ್ ಮನೆಗೇ ಓಗ್ಬೇಕು. ಕುಂತ್ಕೋ."

ಸಂಜೆ ರಾಧಾಮಣಿ ಡಬ್ಬಿ ತೆರೆದಳು. ಹುಲ್ಲಿನ ಮೇಲೆ ಹನ್ನೆರಡು ನಾಟಿ ಮೊಟ್ಟೆ. ಹುಲ್ಲಿನ ಕೆಳಗೆ ಸುಮಿತಾಳ ಕೈಬರಹದ ಚೀಟಿ. ರಾಧಾಮಣಿ ಗಟ್ಟಿಯಾಗಿ ಓದಿದಳು:

"ಮೇಷ್ಟ್ರೇ, ಎಮ್ಮೆ ಬಂದಿದ್ದು ಸರಿ. ಅಷ್ಟು ದಿನ ಕರುಗೆ ಹಾಲು ಕುಡಿಸಿದ್ದು ಯಾರು ಅಂತ ಅಜ್ಜಿ ಕೇಳ್ತಾಳೆ."

ಅವಳು ಚೀಟಿಯನ್ನು ಮಡಿಸಲಿಲ್ಲ. ಗಂಡನ ಮುಖ ನೋಡಿದಳು.

"ಹೌದಲ್ಲ. ಯಾರು ಕುಡಿಸಿದ್ರು?"

ಮುನೀಂದ್ರ ಮೇಷ್ಟ್ರು ನಿಟ್ಟುಸಿರು ಬಿಟ್ಟು, ಜೇಬಿನಲ್ಲಿ ಪೆನ್ನು ಹುಡುಕತೊಡಗಿದರು. ಮುಂದಿನ ಭಾನುವಾರಕ್ಕೆ ಇನ್ನು ಏಳೇ ದಿನವಿತ್ತು.